ಬಿಳಿ ಅಂಗಿಯ ಪಗಾರ

ಕರ್ನಾಟಕದ ನೆಲದಲ್ಲಿ ಹುಟ್ಟಿದ ಎರಡು ವಿಮಾನ ಸಂಸ್ಥೆಗಳು ನಮ್ಮ ಕಾಲದ ಜನಪ್ರಿಯ ಕಥೆಗಳಾಗಿ ಮಾರ್ಪಟ್ಟಿವೆ. ಒಂದು, ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್. ಇನ್ನೊಂದು, ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್. ಮೊದಲನೆಯದರ ಕಥೆ 2009ರಲ್ಲಿ ‘ಸಿಂಪ್ಲಿ ಫ್ಲೈ’ ಎಂಬ ಆತ್ಮಕಥೆಯಾಗಿ ಬಂತು. ಅದರ ಪ್ರೇರಣೆಯಿಂದ ಸುಧಾ ಕೊಂಗರ 2020ರಲ್ಲಿ ತಮಿಳಿನಲ್ಲಿ ‘ಸೂರರೈ ಪೋಟ್ರು’ ಎಂಬ ಚಿತ್ರ ಮಾಡಿದರು. ಅದು ಐದು ರಾಷ್ಟ್ರಪ್ರಶಸ್ತಿ ಪಡೆಯಿತು, ಕನ್ನಡಕ್ಕೂ ಡಬ್ ಆಯಿತು, 2024ರಲ್ಲಿ ‘ಸರ್ಫಿರಾ’ ಎಂಬ ಹೆಸರಿನಲ್ಲಿ ಹಿಂದಿಗೂ ಹೋಯಿತು. ಎರಡನೆಯದರ ಕಥೆಯನ್ನು 2020ರಲ್ಲೇ ನೆಟ್‌ಫ್ಲಿಕ್ಸ್‌ನ ‘ಬ್ಯಾಡ್ ಬಾಯ್ ಬಿಲಿಯನೇರ್ಸ್’ ಸರಣಿ ಒಂದು ಇಡೀ ಕಂತಿನಲ್ಲಿ ಹೇಳಿತು. ಒಂದು ಏಳಿಗೆಯ ಕಥೆ, ಇನ್ನೊಂದು ಬೀಳಿನ ಕಥೆ. ಆದರೆ ಎರಡೂ ಮಾಲೀಕನ ಕಥೆಗಳೇ. ವಿಮಾನ ಹಾರಿಸಿದವನ ಕಥೆಯನ್ನು ಇವೆರಡರಲ್ಲಿ ಹುಡುಕುತ್ತ ಹೋದವರಿಗೆ ಸಿಗುವುದು ಬಹಳ ಕಡಿಮೆ.

ಇದು ಸಣ್ಣ ಲೋಪವೆಂದು ನನಗೆ ಅನ್ನಿಸುವುದಿಲ್ಲ. ಒಂದು ಕಾಲದ ಕಥೆಗಳು ಯಾರನ್ನು ಬಿಟ್ಟುಬಿಡುತ್ತವೆ ಎಂಬುದನ್ನು ನೋಡಿದರೆ ಆ ಕಾಲ ಯಾರ ಸಂಕಟವನ್ನು ಸಂಕಟವೆಂದು ಒಪ್ಪುವುದಿಲ್ಲ ಎಂಬುದು ತಿಳಿಯುತ್ತದೆ. ಸಂಬಳವಿಲ್ಲದೆ ತಿಂಗಳುಗಟ್ಟಲೆ ವಿಮಾನ ಹಾರಿಸಿದ ಪೈಲಟ್‌ಗಳು ನಮ್ಮ ದೇಶದಲ್ಲಿದ್ದರು. ಅವರ ಬಗ್ಗೆ ಪತ್ರಿಕೆಗಳಲ್ಲಿ ವರದಿ ಬಂದವು, ಕಥೆ ಬರಲಿಲ್ಲ. ಏಕೆ ಬರಲಿಲ್ಲ? ಈ ಪ್ರಶ್ನೆಗೆ ಉತ್ತರ ಅರ್ಧ ನಮ್ಮ ಕಥೆಗಾರರಲ್ಲಿದೆ, ಇನ್ನರ್ಧ ಆ ಪೈಲಟ್‌ಗಳು ತಮ್ಮನ್ನು ತಾವು ಏನೆಂದು ತಿಳಿದಿದ್ದರು ಎಂಬುದರಲ್ಲಿದೆ.

ಎರಡೂ ಸಂಸ್ಥೆಗಳು ಬಳಸಿದ ಭಾಷೆಯಿಂದಲೇ ಆರಂಭಿಸೋಣ. ಏರ್ ಡೆಕ್ಕನ್ 2003ರ ಆಗಸ್ಟಿನಲ್ಲಿ ಹಾರಾಟ ಶುರುಮಾಡಿದಾಗ ಅದು ತಲುಪಿದ ಮೊದಮೊದಲ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು. ರೈಲು ನಿಲ್ದಾಣವೇ ಇಲ್ಲದ ಶಿರಹಟ್ಟಿಯಿಂದ ಲಕ್ಷ್ಮೇಶ್ವರದ ಮೇಲೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವ ನಮ್ಮಂಥವರಿಗೆ ಒಂದು ರೂಪಾಯಿ ಟಿಕೆಟ್ಟಿನ ಸುದ್ದಿ ತಮಾಷೆಯಂತೆ ಕೇಳಿಸಿತ್ತು. ಆ ಸಂಸ್ಥೆ ತನ್ನ ಗುರುತಾಗಿ ಆರಿಸಿಕೊಂಡದ್ದು ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನನ್ನು. ಧೋತರ ಉಟ್ಟು, ಚೌಕಳಿ ಕೋಟು ತೊಟ್ಟ ಆ ಮುದುಕ ವಿಮಾನ ಏರಲು ಬಂದವನು. ಕಿಂಗ್‌ಫಿಷರ್ 2005ರ ಮೇ ತಿಂಗಳಲ್ಲಿ ಬಂದಾಗ ಪ್ರಯಾಣಿಕ ಎಂಬ ಶಬ್ದವನ್ನೇ ಬಿಟ್ಟು ‘ಅತಿಥಿ’ ಎಂದು ಕರೆಯಿತು. ವಿಮಾನದೊಳಗಿನ ಪರದೆಯ ಮೇಲೆ ಮಾಲೀಕರು ಸ್ವತಃ ಕಾಣಿಸಿಕೊಂಡು, ಮನೆಗೆ ಬಂದ ಅತಿಥಿಯನ್ನು ನೋಡಿಕೊಳ್ಳುವಂತೆ ನಿಮ್ಮನ್ನು ನೋಡಿಕೊಳ್ಳಲು ಸಿಬ್ಬಂದಿಗೆ ಹೇಳಿದ್ದೇನೆ ಎಂಬರ್ಥದ ಮಾತಾಡುತ್ತಿದ್ದರು.

ಮನೆ, ಯಜಮಾನ, ಅತಿಥಿ. ಈ ಮೂರು ಶಬ್ದಗಳ ನಡುವೆ ದುಡಿಯುವವನಿಗೆ ಎಲ್ಲಿ ಜಾಗ? ಕಾರ್ಖಾನೆಯಾದರೆ ಬಾಗಿಲಲ್ಲಿ ನಿಂತು ಪಗಾರ ಕೇಳಬಹುದು. ಮನೆಯಲ್ಲಿ ಅತಿಥಿಗಳು ಕೂತಿರುವಾಗ ಯಜಮಾನನ ಎದುರು ಪಗಾರದ ಮಾತೆತ್ತಿದರೆ ಅದು ಅಸಭ್ಯತನವಾಗುತ್ತದೆ. ಹೊಸ ಕಾಲದ ಬಂಡವಾಳ ತನ್ನನ್ನು ‘ಕುಟುಂಬ’ ಎಂದು ಕರೆದುಕೊಳ್ಳಲು ಯಾಕೆ ಅಷ್ಟು ಇಷ್ಟಪಡುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಕುಟುಂಬದಲ್ಲಿ ಹಬ್ಬಕ್ಕೆ ಉಡುಗೊರೆ ಇರುತ್ತದೆ, ಲೆಕ್ಕ ಇರುವುದಿಲ್ಲ.

ನಡೆದದ್ದನ್ನು ಒಮ್ಮೆ ನೆನಪಿಸಿಕೊಳ್ಳುವುದು ಅಗತ್ಯ. 2007ರಲ್ಲಿ ಮಲ್ಯ ಏರ್ ಡೆಕ್ಕನ್‌ನ ಪಾಲು ಕೊಂಡರು, 2008ರಲ್ಲಿ ಎರಡೂ ಒಂದಾದವು, ಅಗ್ಗದ ದರದ ವಿಮಾನಗಳು ‘ಕಿಂಗ್‌ಫಿಷರ್ ರೆಡ್’ ಆದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಾಟ ಶುರುವಾಯಿತು. ಸಂಸ್ಥೆ ಒಂದು ವರ್ಷವೂ ಲಾಭ ಕಾಣಲಿಲ್ಲ. 2011ರ ಸೆಪ್ಟೆಂಬರಿನಲ್ಲಿ ಅಗ್ಗದ ದರದ ಸೇವೆ ನಿಲ್ಲಿಸುವುದಾಗಿ ಪ್ರಕಟಣೆ ಬಂತು, ನವೆಂಬರಿನಲ್ಲಿ ಹಾರಾಟಗಳು ಸಾಲುಸಾಲಾಗಿ ರದ್ದಾದವು. 2011–12ರ ಒಂದೇ ವರ್ಷದ ನಷ್ಟ 2,300 ಕೋಟಿ ರೂಪಾಯಿ ದಾಟಿತ್ತು. ನೌಕರರ ಸಂಬಳದಿಂದ ಕಡಿತ ಮಾಡಿದ ಆದಾಯ ತೆರಿಗೆಯನ್ನೂ ಸಂಸ್ಥೆ ಇಲಾಖೆಗೆ ಕಟ್ಟದೆ ಉಳಿಸಿಕೊಂಡಿತ್ತು.

2012ರ ಮಾರ್ಚಿನಿಂದ ಸಂಬಳ ಬಾಕಿ ಬಿತ್ತು. ಸೆಪ್ಟೆಂಬರಿನ ಕೊನೆಗೆ ಎಂಜಿನಿಯರುಗಳು ಕೆಲಸ ನಿಲ್ಲಿಸಿದರು, ಪೈಲಟ್‌ಗಳೂ ಜೊತೆಗೂಡಿದರು. ಆಡಳಿತ ಬೀಗಮುದ್ರೆ ಘೋಷಿಸಿತು. ಅಕ್ಟೋಬರ್ ಮೊದಲ ವಾರ ದೆಹಲಿಯಲ್ಲಿ ನೌಕರನೊಬ್ಬನ ಹೆಂಡತಿ ಆತ್ಮಹತ್ಯೆ ಮಾಡಿಕೊಂಡಳು, ಸಹೋದ್ಯೋಗಿಗಳು ಮೋಂಬತ್ತಿ ಹಿಡಿದು ಮೆರವಣಿಗೆ ಮಾಡಿದರು. ಅಕ್ಟೋಬರ್ 20ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಸಂಸ್ಥೆಯ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಅದಾಗಿ ಐದು ದಿನಕ್ಕೆ, ಕೆಲವು ತಿಂಗಳ ಬಾಕಿ ಕೊಡುವ ಭರವಸೆಯ ಮೇಲೆ, ನೌಕರರು ಕೆಲಸಕ್ಕೆ ಮರಳಲು ಒಪ್ಪಿದರು. ಹಾರಲು ಅನುಮತಿಯೇ ಇಲ್ಲದ ವಿಮಾನಗಳನ್ನು ಹಾರಿಸಲು ಅವರು ಒಪ್ಪಿಕೊಂಡಿದ್ದರು. ಆ ವಿಮಾನಗಳು ಮತ್ತೆ ಏಳಲಿಲ್ಲ. 2016ರ ಮಾರ್ಚಿನಲ್ಲಿ ಮಲ್ಯ ದೇಶ ಬಿಟ್ಟರು, ಅದೇ ವರ್ಷ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಸಂಸ್ಥೆಯನ್ನು ಮುಚ್ಚಲು ಆದೇಶಿಸಿತು.

ಈ ಇಡೀ ಸರಣಿಯಲ್ಲಿ ಒಬ್ಬ ಕಥೆಗಾರನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ ಮಾಲೀಕ ಎಲ್ಲಿಗೆ ಓಡಿದ ಎಂಬುದಲ್ಲ. ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ಆ ಪೈಲಟ್ ಪ್ರತಿ ದಿನ ಬೆಳಿಗ್ಗೆ ಎದ್ದು, ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು, ಹೆಗಲ ಮೇಲೆ ನಾಲ್ಕು ಪಟ್ಟಿ ಏರಿಸಿಕೊಂಡು ಮನೆಯಿಂದ ಹೇಗೆ ಹೊರಟ? ಓಣಿಯಲ್ಲಿ ಎದುರಾದವರಿಗೆ ಏನು ಹೇಳಿದ? ಮಕ್ಕಳ ಶಾಲೆಯ ಶುಲ್ಕ ಕಟ್ಟುವ ದಿನ ಯಾವ ಸಬೂಬು ಹುಡುಕಿದ?

ಉರ್ದುವಿನಲ್ಲಿ ‘ಸಫೇದ್‌ಪೋಶ್’ ಎಂಬ ಶಬ್ದವಿದೆ. ಬಿಳಿ ಬಟ್ಟೆ ತೊಟ್ಟವನು ಎಂಬುದು ಅದರ ನೇರ ಅರ್ಥ. ಆದರೆ ಮನೆಮಾತಿನಲ್ಲಿ ಅದು ಒಂದು ಬಗೆಯ ಬದುಕಿಗೆ ಹೆಸರು. ಒಳಗೆ ಎಷ್ಟೇ ತಾಪತ್ರಯವಿರಲಿ, ಹೊರಗೆ ಬಟ್ಟೆಗೆ ಕಲೆ ಕಾಣದಂತೆ ನಡೆಯುವವನು, ಕೈ ಚಾಚಲಾರದವನು ಸಫೇದ್‌ಪೋಶ್. ದಾನ ಕೊಡುವಾಗ ಇಂಥವರನ್ನು ಗುಟ್ಟಾಗಿ ಹುಡುಕಿ ಕೊಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು, ಏಕೆಂದರೆ ಅವರು ತಾವಾಗಿ ಕೇಳುವುದಿಲ್ಲ. ಹಳೆಯ ಕಾಲದಲ್ಲಿ ಈ ಮಾತು ಕಾರಕೂನರಿಗೆ, ಶಾಲಾ ಮಾಸ್ತರರಿಗೆ, ಆಸ್ತಿ ಕಳೆದುಕೊಂಡ ಖಾನದಾನಿಗಳಿಗೆ ಸಲ್ಲುತ್ತಿತ್ತು. ಸಂಬಳ ನಿಂತುಹೋದ ಪೈಲಟ್ ಈ ಶಬ್ದಕ್ಕೆ ಸಿಕ್ಕ ಹೊಸ ವಾರಸುದಾರ. ಅವನ ಬಿಳುಪು ಅಂಗಿಯಲ್ಲೇ ಇದೆ.

ಉರ್ದು ಕಥೆಗಾರ ಗುಲಾಂ ಅಬ್ಬಾಸರ ‘ಓವರ್‌ಕೋಟ್’ ಓದಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಚಳಿಗಾಲದ ಒಂದು ಸಂಜೆ ಲಾಹೋರಿನ ಮಾಲ್ ರಸ್ತೆಯಲ್ಲಿ ಒಬ್ಬ ಯುವಕ ಠೀವಿಯಿಂದ ನಡೆಯುತ್ತಾನೆ. ಅಂಗಡಿಗಳಿಗೆ ಹೋಗಿ ಬೆಲೆ ಕೇಳುತ್ತಾನೆ, ಏನನ್ನೂ ಕೊಳ್ಳುವುದಿಲ್ಲ. ಮೈಮೇಲಿನ ಓವರ್‌ಕೋಟು ನೋಡಿ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಲಾರಿ ಬಡಿದು ಅವನು ಆಸ್ಪತ್ರೆ ಸೇರಿದ ಮೇಲೆ, ಕೋಟು ಬಿಚ್ಚಿದಾಗ ಒಳಗಿನ ಹರಿದ ಬಟ್ಟೆಗಳು ಕಾಣುತ್ತವೆ. ಅಬ್ಬಾಸರು ಆ ಯುವಕನನ್ನು ಗೇಲಿ ಮಾಡುವುದಿಲ್ಲ, ಕನಿಕರವನ್ನೂ ಸುರಿಸುವುದಿಲ್ಲ. ಕೋಟಿನ ಗುಂಡಿಗಳು ಬಿಚ್ಚುವ ತನಕ ನಾವೂ ಮೋಸ ಹೋಗಿದ್ದೆವು ಎಂಬುದನ್ನು ನಮಗೆ ತಿಳಿಸಿ ಸುಮ್ಮನಾಗುತ್ತಾರೆ. ನಮ್ಮ ವಿಮಾನ ಕಥನಗಳು ಮಾಡಬೇಕಾಗಿದ್ದ ಕೆಲಸ ಇದೇ ಆಗಿತ್ತು.

ಆದರೆ ಅವು ಮಾಡಿದ್ದೇನು? ‘ಸೂರರೈ ಪೋಟ್ರು’ ದುರ್ಬಲ ಚಿತ್ರವಲ್ಲ. ಸಾಯುತ್ತಿರುವ ತಂದೆಯನ್ನು ನೋಡಲು ಹೊರಟ ಮಾರ, ಟಿಕೆಟ್ಟಿಗೆ ಹಣ ಸಾಲದೆ, ವಿಮಾನ ನಿಲ್ದಾಣದಲ್ಲಿ ಅಪರಿಚಿತರ ಮುಂದೆ ಕೈಯೊಡ್ಡುವ ದೃಶ್ಯ ನೋಡಿದವರು ಮರೆಯಲಾರರು. ಹಣವಿಲ್ಲದವನ ಮಾನ ಹೇಗೆ ಹರಾಜಾಗುತ್ತದೆ ಎಂಬುದು ನಿರ್ದೇಶಕಿಗೆ ಚೆನ್ನಾಗಿ ಗೊತ್ತು. ಕೊನೆಯಲ್ಲಿ ವಿಮಾನದಿಂದ ಇಳಿಯುವ ಹಳ್ಳಿಯ ಮುದುಕ ಮುದುಕಿಯರ ಮುಖಗಳೂ ನಿಜವಾದವು. ಆದರೆ ಈ ಸಂವೇದನೆ ಪ್ರಯಾಣಿಕನ ಬಳಿ ನಿಂತುಬಿಡುತ್ತದೆ. ಮಾರನ ಜೊತೆಗಿರುವ ಪೈಲಟ್‌ಗಳು ವಾಯುಪಡೆಯ ಕಾಲದ ಗೆಳೆಯರು, ಕನಸಿನ ಪಾಲುದಾರರು. ಗೆಳೆಯನಿಗೆ ಸಂಬಳದ ಚೀಟಿ ಇರುವುದಿಲ್ಲ. ಕೆಲಸವನ್ನು ಸ್ನೇಹವನ್ನಾಗಿ, ಸಂಸ್ಥೆಯನ್ನು ಸಾಹಸವನ್ನಾಗಿ ತೋರಿಸಿದ ಕೂಡಲೇ ನೌಕರ ಎಂಬುವನು ಚಿತ್ರದಿಂದ ಮಾಯವಾಗುತ್ತಾನೆ. ಮಾಲೀಕನ ಸಾಲ, ಮಾಲೀಕನ ಹೆಂಡತಿಯ ಬೇಕರಿ, ಮಾಲೀಕನ ಊರವರ ಚಂದಾ ಎಲ್ಲವೂ ಕಥೆಯೊಳಗಿವೆ. ತಿಂಗಳ ಕೊನೆಯ ದಿನ ಮಾತ್ರ ಇಲ್ಲ.

ಇನ್ನೂ ಒಂದು ಮಾತಿದೆ. ಚಿತ್ರ ಗೆಲುವಿನ ಹಾರಾಟದ ಹತ್ತಿರ ಮುಗಿಯುತ್ತದೆ. ನಿಜ ಬದುಕಿನಲ್ಲಿ ಆ ಸಂಸ್ಥೆ ನಾಲ್ಕೇ ವರ್ಷಕ್ಕೆ ಇನ್ನೊಬ್ಬರ ಕೈ ಸೇರಿತು, ಒಂಬತ್ತೇ ವರ್ಷಕ್ಕೆ ನೆಲ ಹಿಡಿಯಿತು. ಶ್ರೀಸಾಮಾನ್ಯನ ಚಿತ್ರವಿದ್ದ ಸಣ್ಣ ಎಟಿಆರ್ ವಿಮಾನಗಳನ್ನು ಹಾರಿಸಿದ ಪೈಲಟ್‌ಗಳು ಸಂಸ್ಥೆಯ ಜೊತೆಗೇ ಹೊಸ ಮಾಲೀಕನಿಗೆ ಹೋದರು. ಗೆದ್ದ ಕಥೆಯೂ ಸೋತ ಕಥೆಯೂ ಬೇರೆ ಬೇರೆ ಚಿತ್ರಗಳಾಗಿ ನಮಗೆ ಸಿಕ್ಕಿವೆ. ಆ ಪೈಲಟ್‌ಗಳಿಗೆ ಅವೆರಡೂ ಒಂದೇ ನೌಕರಿಯ ಮೊದಲರ್ಧ ಮತ್ತು ದ್ವಿತೀಯಾರ್ಧ. ಅವರ ದೃಷ್ಟಿಯಿಂದ ಹೇಳಿದ್ದರೆ ಮಾತ್ರ ಇದು ಒಂದೇ ಕಥೆಯಾಗುತ್ತಿತ್ತು.

ನೆಟ್‌ಫ್ಲಿಕ್ಸ್ ಕಂತಿನಲ್ಲಿ ನೌಕರರ ಅಳಲಿಗೆ ಜಾಗವಿದೆ, ಅಷ್ಟರ ಮಟ್ಟಿಗೆ ಅದು ಪ್ರಾಮಾಣಿಕ. ಆದರೆ ಅದರ ಬೆನ್ನೆಲುಬು ಮಾಲೀಕನ ವಿಲಾಸವೇ. ಪಾರ್ಟಿಗಳು, ಹಡಗು, ಕಾರು, ಕ್ರಿಕೆಟ್ ತಂಡ. ಖಂಡಿಸುತ್ತಲೇ ಕಣ್ಣರಳಿಸಿ ನೋಡುವ ಈ ರೀತಿಯಲ್ಲಿ ನೌಕರ ಬರುವುದು ಸಾಕ್ಷಿಯಾಗಿ, ಮಾಲೀಕನ ತಪ್ಪಿಗೆ ಪುರಾವೆಯಾಗಿ. ಅವನಿಗೆ ತನ್ನದೇ ಆದ ಹಿಂದುಮುಂದಿಲ್ಲ.

ಹೊರದೇಶದ ಉದಾಹರಣೆಯೂ ಇದನ್ನೇ ಹೇಳುತ್ತದೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜನರ ಜೀವ ಉಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್ ಜಗತ್ತಿಗೆ ವೀರನಾದರು. ಮರು ತಿಂಗಳು ಅಮೆರಿಕದ ಕಾಂಗ್ರೆಸ್ ಸಮಿತಿಯ ಮುಂದೆ ಅವರು ಹೇಳಿದ್ದು ನದಿಯ ಬಗ್ಗೆ ಮಾತ್ರವಲ್ಲ. ತಮ್ಮ ಸಂಬಳದಲ್ಲಿ ಶೇಕಡಾ 40ರಷ್ಟು ಕಡಿತವಾಗಿದೆ, ಪಿಂಚಣಿ ಹೋಗಿದೆ, ತಮ್ಮ ಮಕ್ಕಳು ಇದೇ ವೃತ್ತಿಗೆ ಬರಲೆಂದು ಬಯಸುವ ಪೈಲಟ್ ತಮಗೆ ಗೊತ್ತಿಲ್ಲ ಎಂದು ಹೇಳಿದರು. 2016ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ‘ಸಲ್ಲಿ’ ಮಾಡಿದಾಗ ಕೇಂದ್ರಕ್ಕೆ ಬಂದದ್ದು ಇಳಿಸಿದ ಆ ಕೆಲವು ನಿಮಿಷಗಳು ಮತ್ತು ನಂತರದ ತನಿಖೆ. ಸಂಬಳದ ಮಾತು ಅಂಚಿನಲ್ಲೇ ಉಳಿಯಿತು. ವೀರನಿಗೆ ಪಗಾರದ ಚಿಂತೆ ಇರಬಾರದೆಂದು ಸಿನಿಮಾ ನಂಬುತ್ತದೆ, ನೋಡುವ ನಾವೂ ನಂಬುತ್ತೇವೆ.

ಪೈಲಟ್‌ಗಳೂ ನಂಬುತ್ತಾರೆ ಎಂಬುದೇ ಕಷ್ಟದ ವಿಷಯ. ಈ ವೃತ್ತಿಯ ಅಸ್ಮಿತೆ ಕಟ್ಟಿರುವುದೇ ಹಾಗೆ. 200 ಗಂಟೆ ಹಾರಾಟದ ತರಬೇತಿ, ಅದಕ್ಕೆ ಹೊಲವೋ ಮನೆಯೋ ಒತ್ತೆಯಿಟ್ಟು ತಂದ ಲಕ್ಷಗಟ್ಟಲೆ ಸಾಲ, ಆಮೇಲೆ ಒಂದೊಂದು ಜಾತಿಯ ವಿಮಾನಕ್ಕೂ ಬೇರೆ ಬೇರೆ ಪರವಾನಗಿ. ಎಟಿಆರ್ ಹಾರಿಸುವವನು ನಾಳೆಯೇ ಏರ್‌ಬಸ್ ಹಾರಿಸಲಾರ. ಕಿಂಗ್‌ಫಿಷರ್ ಮುಚ್ಚಿದ 2012ರಲ್ಲಿ ಇಂಡಿಗೋ ಸಂಸ್ಥೆಯಲ್ಲಿ ಏರ್‌ಬಸ್ ಬಿಟ್ಟು ಬೇರೆ ವಿಮಾನವೇ ಇರಲಿಲ್ಲ, ಎಟಿಆರ್ ಪೈಲಟ್ ಅಲ್ಲಿಗೆ ಹೋಗಬೇಕೆಂದರೆ ಮತ್ತೆ ತರಬೇತಿ, ಮತ್ತೆ ಖರ್ಚು. 90 ದಿನಗಳಲ್ಲಿ ಮೂರು ಬಾರಿಯಾದರೂ ವಿಮಾನ ಏರಿಸಿ ಇಳಿಸದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವಂತಿಲ್ಲ. ಆರು ತಿಂಗಳಿಗೊಮ್ಮೆ ಕೌಶಲದ ಪರೀಕ್ಷೆ, ಜೊತೆಗೆ ವೈದ್ಯಕೀಯ ಪರೀಕ್ಷೆ. ನೌಕರಿ ಹೋದ ಮಾಸ್ತರ ಮನೆಯಲ್ಲಿ ಟ್ಯೂಷನ್ ಹೇಳಿ ಮಾಸ್ತರನಾಗಿಯೇ ಉಳಿಯಬಲ್ಲ. ನೌಕರಿ ಹೋದ ಪೈಲಟ್ ಮೂರು ತಿಂಗಳಿಗೆ ತನ್ನ ವಿದ್ಯೆಯ ಹಕ್ಕನ್ನೂ ಕಳೆದುಕೊಳ್ಳತೊಡಗುತ್ತಾನೆ. ಹಾಗಾಗಿ ಪಗಾರವಿಲ್ಲದಿದ್ದರೂ ಹಾರುತ್ತಲೇ ಇರಬೇಕೆಂಬ ಒತ್ತಾಯ ಅವನೊಳಗಿನಿಂದಲೇ ಬರುತ್ತದೆ. ಇದರ ಮೇಲೆ 2017ರಲ್ಲಿ ಬಂದ ನಿಯಮದಂತೆ ಕ್ಯಾಪ್ಟನ್ ಆದವನು ಸಂಸ್ಥೆ ಬಿಡಲು ಒಂದು ವರ್ಷ ಮೊದಲು, ಸಹಪೈಲಟ್ ಆರು ತಿಂಗಳು ಮೊದಲು ನೋಟೀಸು ಕೊಡಬೇಕು.

2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್‌ನ ಪೈಲಟ್‌ಗಳು ನಡೆದುಕೊಂಡ ರೀತಿ ಇದನ್ನು ಚೆನ್ನಾಗಿ ತೋರಿಸುತ್ತದೆ. ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೇಸತ್ತ ಅವರ ಸಂಘ, ಏಪ್ರಿಲ್ 15ರಿಂದ ಹಾರುವುದಿಲ್ಲವೆಂದು ನಿರ್ಧರಿಸಿತ್ತು. ಹಿಂದಿನ ದಿನ ಆ ನಿರ್ಧಾರವನ್ನು ಮುಂದೂಡಿತು. ಸಂಸ್ಥೆಗೆ ಬದುಕಲು ಇನ್ನೊಂದು ಅವಕಾಶ ಕೊಡೋಣವೆಂದು, 1,500 ಕೋಟಿ ರೂಪಾಯಿ ಬಿಡುಗಡೆ ಮಾಡಿ ಎಂದು ಬ್ಯಾಂಕನ್ನು ಬೇಡಿಕೊಂಡಿತು. ತಮ್ಮ ಪಗಾರ ಕೇಳಬೇಕಾದವರು ಮಾಲೀಕನ ಪರವಾಗಿ ಸಾಲ ಕೇಳಿದರು. 17ರ ರಾತ್ರಿ ಜೆಟ್‌ನ ಕೊನೆಯ ವಿಮಾನ ಹಾರಿತು. ಐದೂವರೆ ವರ್ಷ ನ್ಯಾಯಾಲಯಗಳಲ್ಲಿ ಅಲೆದ ಮೇಲೆ, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಸಂಸ್ಥೆಯ ಆಸ್ತಿ ಮಾರಿ ಲೆಕ್ಕ ಮುಗಿಸಲು ಆದೇಶಿಸಿತು. ಈ ನಿಷ್ಠೆಯನ್ನು ನಾನು ಹಳಿಯಲಾರೆ. ಆದರೆ ಇದನ್ನು ತ್ಯಾಗವೆಂದು ಹಾಡಿ ಹೊಗಳುವ ಕಥೆಗಳ ಬಗ್ಗೆ ನನಗೆ ಅನುಮಾನವಿದೆ.

ಶಬ್ದಕ್ಕೆ ಬೆಲೆ ಎಷ್ಟೆಂಬುದನ್ನು ಕಾನೂನು ಲೆಕ್ಕ ಹಾಕಿ ತೋರಿಸುತ್ತದೆ. 1947ರ ಕೈಗಾರಿಕಾ ವಿವಾದ ಕಾಯಿದೆ, ಮೇಲ್ವಿಚಾರಣೆಯ ಕೆಲಸ ಮಾಡುವ, ನಿಗದಿತ ಮಿತಿಗಿಂತ ಹೆಚ್ಚು ಸಂಬಳದ ನೌಕರನನ್ನು ‘ಕಾರ್ಮಿಕ’ ಎಂಬ ಅರ್ಥದಿಂದ ಹೊರಗಿಟ್ಟಿತ್ತು. ವಿಮಾನದ ಕ್ಯಾಪ್ಟನ್ ಕಾರ್ಮಿಕನೋ ಅಧಿಕಾರಿಯೋ ಎಂಬ ಪ್ರಶ್ನೆ ಅದರಿಂದಾಗಿಯೇ ಮತ್ತೆ ಮತ್ತೆ ಕೋರ್ಟು ಮೆಟ್ಟಿಲೇರಿತು. 2016ರ ದಿವಾಳಿ ಸಂಹಿತೆಯ 53ನೇ ಕಲಮನ್ನು ನೋಡಿ. ಮುಳುಗಿದ ಸಂಸ್ಥೆಯ ಆಸ್ತಿ ಹಂಚುವಾಗ ‘ಕಾರ್ಮಿಕ’ನ 24 ತಿಂಗಳ ಬಾಕಿ, ಆಸ್ತಿ ಒತ್ತೆಯಿಟ್ಟುಕೊಂಡ ಬ್ಯಾಂಕುಗಳ ಸರಿಸಮ ಸಾಲಿನಲ್ಲಿ ನಿಲ್ಲುತ್ತದೆ. ಕಾರ್ಮಿಕನಲ್ಲದ ನೌಕರನಿಗೆ 12 ತಿಂಗಳ ಬಾಕಿ ಮಾತ್ರ, ಅದೂ ಒಂದು ಮೆಟ್ಟಿಲು ಕೆಳಗೆ. ಅಂದರೆ ಮೂವತ್ತು ವರ್ಷ ‘ನಾನು ಕೂಲಿಕಾರನಲ್ಲ, ಕ್ಯಾಪ್ಟನ್’ ಎಂದು ಬದುಕಿದವನಿಗೆ ಕೊನೆಯ ಲೆಕ್ಕದಲ್ಲಿ ಆ ಹೆಮ್ಮೆಯೇ ನಷ್ಟದ ಬಾಬ್ತಾಗಬಹುದು.

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ. ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವ ಪೈಲಟ್‌ನ ದುಃಖಕ್ಕೆ, ಮಳೆ ಕೈಕೊಟ್ಟರೆ ಗುಳೆ ಹೋಗುವ ಶಿರಹಟ್ಟಿ, ಮುಂಡರಗಿ ಸೀಮೆಯ ಜನ ಯಾಕೆ ಕಿವಿಗೊಡಬೇಕು? ನ್ಯಾಯವಾದ ಪ್ರಶ್ನೆ. ಎರಡು ಉತ್ತರಗಳಿವೆ. ಮೊದಲನೆಯದು, ವಿಮಾನ ಸಂಸ್ಥೆ ಮುಳುಗಿದಾಗ ಪೈಲಟ್ ಒಬ್ಬನೇ ಮುಳುಗುವುದಿಲ್ಲ. ಸಾಮಾನು ಏರಿಸುವವರು, ಕೌಂಟರಿನಲ್ಲಿ ಕೂರುವ ಹುಡುಗಿಯರು, ಗಾಡಿ ಓಡಿಸುವವರು, ಸ್ವಚ್ಛತೆಯವರು ಎಲ್ಲರೂ ಮುಳುಗುತ್ತಾರೆ. ಅವರು ಕೆಲಸ ನಿಲ್ಲಿಸಿದರೆ ಬದಲಿಗೆ ಬೇರೆಯವರನ್ನು ತರಬಹುದು. ಪೈಲಟ್ ಮತ್ತು ಎಂಜಿನಿಯರ್ ನಿಲ್ಲಿಸಿದರೆ ಮಾತ್ರ ವಿಮಾನ ನಿಲ್ಲುತ್ತದೆ. ನಿಲ್ಲಿಸುವ ಶಕ್ತಿಯಿದ್ದವನು ತಾನು ದುಡಿಯುವವನಲ್ಲವೆಂದು ತಿಳಿದು ಏಳು ತಿಂಗಳು ಸುಮ್ಮನಿದ್ದರೆ, ಅದರ ಬೆಲೆ ತೆರುವವರಲ್ಲಿ ಸಾಮಾನು ಏರಿಸುವವನೂ ಸೇರಿದ್ದಾನೆ.

ಎರಡನೆಯ ಉತ್ತರ ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ಈ ಬಿಳಿ ಅಂಗಿಯ ರೋಗ ಪೈಲಟ್‌ಗಳಿಗಷ್ಟೇ ಅಂಟಿದ್ದಲ್ಲ. ಸೌದಿಯಲ್ಲೋ ದುಬೈಯಲ್ಲೋ ಕೆಲಸ ಕಳೆದುಕೊಂಡು, ಊರಿಗೆ ಬಂದು ‘ರಜೆಯ ಮೇಲೆ ಬಂದಿದ್ದೇನೆ’ ಎಂದು ತಿಂಗಳುಗಟ್ಟಲೆ ಹೇಳಿಕೊಳ್ಳುವ ಹುಡುಗರನ್ನು ನಾವು ಬಲ್ಲೆವು. ತಂಗಿಯ ನಿಕಾಹ್ ಮುಗಿಯುವ ತನಕ ನಿಜ ಹೊರಬೀಳಬಾರದು. ಬೆಂಗಳೂರಿನ ಕಂಪನಿಯಿಂದ ಹೊರಬಿದ್ದು ದಿನವೂ ಬ್ಯಾಗು ಹಾಕಿಕೊಂಡು ಮನೆ ಬಿಡುವವರೂ ಇದ್ದಾರೆ. ಹೆಸರಿನ ಮುಂದಿನ ಪದವಿ ದೊಡ್ಡದಾದಷ್ಟೂ, ‘ಪಗಾರ ಆಗಿಲ್ಲ’ ಎಂಬ ಎರಡು ಶಬ್ದ ಬಾಯಿಂದ ಹೊರಡುವುದು ಕಷ್ಟ. ಉದಾರೀಕರಣದ ಈ ದಶಕಗಳು ನಮಗೆ ಹೊಸ ಹುದ್ದೆಗಳನ್ನು ಕೊಟ್ಟವು. ಆ ಹುದ್ದೆ ಹೋದಾಗ ಆಡಬೇಕಾದ ಮಾತನ್ನು ಕಲಿಸಲಿಲ್ಲ.

ಇದಕ್ಕೆ ಹೋಲಿಸಿ ನಮ್ಮ ಬಸ್ ಚಾಲಕರನ್ನು ನೋಡಿ. 2020ರ ಡಿಸೆಂಬರಿನಲ್ಲಿ, ಮತ್ತೆ 2021ರ ಏಪ್ರಿಲ್ 7ರಿಂದ ಸುಮಾರು ಎರಡು ವಾರ, ರಾಜ್ಯದ ಸಾರಿಗೆ ನೌಕರರು ಬಸ್ ನಿಲ್ಲಿಸಿದರು. ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಿ ಎಂಬುದು ಮೊದಲ ಬೇಡಿಕೆ, ಆರನೇ ವೇತನ ಆಯೋಗದ ಸಂಬಳ ಕೊಡಿ ಎಂಬುದು ನಂತರದ್ದು. ವಾಯವ್ಯ ಸಾರಿಗೆಯ ಬಸ್ಸುಗಳೂ ನಿಂತವು, ನಮ್ಮ ಊರುಗಳಿಗೆ ತೊಂದರೆಯಾಯಿತು. ವಜಾ, ವರ್ಗಾವಣೆಗಳಾದವು, ಮುಷ್ಕರ ಪೂರ್ತಿ ಗೆಲ್ಲಲಿಲ್ಲ. ಆದರೆ ಆ ಚಾಲಕರ ಮನೆಯವರಿಗೆ, ನೆರೆಹೊರೆಗೆ, ಕಿರಾಣಿ ಅಂಗಡಿಯವನಿಗೆ ವಿಷಯ ಏನೆಂದು ಗೊತ್ತಿತ್ತು. ‘ಮುಷ್ಕರ ಐತಿ, ಪಗಾರ ಇಲ್ಲ, ಮುಂದಿನ ತಿಂಗಳು ಕೊಡ್ತೀನ್ರಿ’ ಎಂದರೆ ಅಂಗಡಿಯವನು ಉದ್ರಿ ಬರೆದುಕೊಳ್ಳುತ್ತಾನೆ. ಖಾಕಿ ಅಂಗಿಗೆ ಬಾಯಿಯಿದೆ. ಪೈಲಟ್ ಕೂಡ ಜನರನ್ನು ಊರಿಂದ ಊರಿಗೆ ಮುಟ್ಟಿಸುವ ಚಾಲಕನೇ, ಬಿಳಿ ಅಂಗಿ ಆ ಮಾತನ್ನು ಆಡಗೊಡುವುದಿಲ್ಲ.

ಕನ್ನಡ ಸಾಹಿತ್ಯ ಈ ಲೋಕವನ್ನು ಮುಟ್ಟಿಯೇ ಇಲ್ಲ ಎಂದರೆ ತಪ್ಪಾದೀತು. ಯಶವಂತ ಚಿತ್ತಾಲರ ‘ಶಿಕಾರಿ’ 1979ರಷ್ಟು ಹಿಂದೆಯೇ ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪನನ್ನು ನಮ್ಮ ಮುಂದೆ ತಂದು ನಿಲ್ಲಿಸಿತು. ಕೆಲಸದಿಂದ ಅಮಾನತುಗೊಂಡ ಕ್ಷಣದಿಂದ ತಾನು ಯಾರು ಎಂಬ ಪ್ರಶ್ನೆಯೇ ಅವನನ್ನು ಬೇಟೆಯಾಡತೊಡಗುತ್ತದೆ. ಹುದ್ದೆಯ ಭಯ ಹೇಗೆ ಹುಟ್ಟಿನ, ಬಾಲ್ಯದ ಭಯಗಳನ್ನೆಲ್ಲ ಎಬ್ಬಿಸಿಬಿಡುತ್ತದೆ ಎಂಬುದನ್ನು ಚಿತ್ತಾಲರಷ್ಟು ಆಳವಾಗಿ ಬರೆದವರು ಕಡಿಮೆ. ಆದರೆ ನಾಗಪ್ಪ ಒಂಟಿ. ಅವನ ವಿರುದ್ಧ ನಡೆಯುವುದು ಕೆಲವರ ಪಿತೂರಿ. ಇವತ್ತಿನ ಕಥೆಯಲ್ಲಿ ಪಿತೂರಿ ಮಾಡುವ ಶತ್ರು ಬೇಕಾಗಿಯೇ ಇಲ್ಲ, ಬ್ಯಾಲೆನ್ಸ್ ಶೀಟು ಸಾಕು. ಒಂದೇ ದಿನ ಸಾವಿರಾರು ಜನ ನಾಗಪ್ಪರಾಗುತ್ತಾರೆ, ಪ್ರತಿಯೊಬ್ಬನೂ ತಾನೊಬ್ಬನೇ ಎಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತಾನೆ. ಬಂಡಾಯದ ಕಾಲದಿಂದ ನಾವು ಕೂಲಿಯವನ ಕಥೆ ಬರೆದಿದ್ದೇವೆ, ಬೀಡಿ ಕಟ್ಟುವ ಹೆಂಗಸಿನ ಕಥೆ ಬರೆದಿದ್ದೇವೆ, ಅದು ನಮ್ಮ ಹೆಮ್ಮೆ. ಆದರೆ ದುಡಿಮೆಯ ಕಥೆ ಎಂದರೆ ಹರಿದ ಬಟ್ಟೆಯ ಕಥೆ ಎಂಬ ರೂಢಿ ನಮ್ಮ ಕಣ್ಣಿಗೆ ಪೊರೆಯಾಯಿತು. ಇಸ್ತ್ರಿ ಮಾಡಿದ ಅಂಗಿಯ ಕೆಳಗೂ ದುಡಿಮೆ ಇದೆ ಎಂಬುದನ್ನು ನಾವು ನೋಡದೆ ಹೋದೆವು.

ನೋಡದೆ ಇರುವುದರ ಪರಿಣಾಮ ಈಗಲೂ ಕಾಣುತ್ತಿದೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿತು, 2025ರ ಜನವರಿಯಲ್ಲಿ ಅದನ್ನೂ ಮುಚ್ಚಲು ಆದೇಶವಾಯಿತು. 2025ರ ಡಿಸೆಂಬರಿನಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು. ಅದು ಮುಳುಗುವ ಸಂಸ್ಥೆಯಲ್ಲ, ದೇಶದ ಅತಿ ದೊಡ್ಡ ಸಂಸ್ಥೆ. ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತ್ತು, ರಾತ್ರಿ ವೇಳೆ ಇಳಿಸುವ ವಿಮಾನಗಳ ಸಂಖ್ಯೆ ಆರರಿಂದ ಎರಡಕ್ಕೆ ಇಳಿದಿತ್ತು. ಆ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳು ಸಂಸ್ಥೆಯಲ್ಲಿರಲಿಲ್ಲ. ಟಿವಿಯಲ್ಲಿ ನಾವು ಕಂಡದ್ದು ನಿಲ್ದಾಣದ ನೆಲದ ಮೇಲೆ ಮಲಗಿದ ಪ್ರಯಾಣಿಕರನ್ನು, ಅವರ ಸಿಟ್ಟನ್ನು. ಅದು ನಿಜವಾದ ಸಂಕಟವೇ. ಆದರೆ ಈ ವಿಶ್ರಾಂತಿಗಾಗಿ ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿಗೆ ಅಲೆದದ್ದು, ನಿಯಮ ಮತ್ತೆ ಮತ್ತೆ ಮುಂದಕ್ಕೆ ಹೋದದ್ದು ಎಷ್ಟು ಜನರಿಗೆ ಗೊತ್ತು? ನಿದ್ದೆಗೆಟ್ಟ ಚಾಲಕನ ಬಸ್ಸು ಹತ್ತಲು ನಾವು ಹಿಂಜರಿಯುತ್ತೇವೆ. ನಿದ್ದೆಗೆಟ್ಟ ಪೈಲಟ್ ಬಗ್ಗೆ ಯೋಚಿಸಲು ನಮ್ಮಲ್ಲಿ ಒಂದು ಚಿತ್ರವೇ ಇಲ್ಲ, ಏಕೆಂದರೆ ನಾವು ನೋಡಿದ ಚಿತ್ರಗಳಲ್ಲಿ ಅವನು ಯಾವಾಗಲೂ ತಾಜಾ ಆಗಿರುತ್ತಾನೆ.

ಹಾಗಾದರೆ ಬೇಕಾದ ಕಥೆ ಯಾವುದು? ಮಾಲೀಕನನ್ನು ಬೈಯುವ ಇನ್ನೊಂದು ಚಿತ್ರವಲ್ಲ, ಪೈಲಟ್‌ನನ್ನು ಹುತಾತ್ಮನನ್ನಾಗಿಸುವ ಕಣ್ಣೀರಿನ ಕಥೆಯೂ ಅಲ್ಲ. ಐದನೆಯ ತಿಂಗಳ ಪಗಾರ ಬಾರದ ಒಂದು ಮನೆ. ಹೆಂಡತಿಗೆ ಗೊತ್ತು, ಅತ್ತೆ ಮಾವಂದಿರಿಗೆ ಗೊತ್ತಿಲ್ಲ. ಅದೇ ವಿಮಾನಕ್ಕೆ ಸಾಮಾನು ಏರಿಸುವ ಹುಡುಗನಿಗೂ ಐದು ತಿಂಗಳಿನಿಂದ ಪಗಾರವಿಲ್ಲ. ಏಣಿಯ ಬುಡದಲ್ಲಿ ಇಬ್ಬರೂ ದಿನಾ ಎದುರಾಗುತ್ತಾರೆ, ಒಬ್ಬ ಸಲಾಂ ಮಾಡುತ್ತಾನೆ, ಇನ್ನೊಬ್ಬ ತಲೆಯಾಡಿಸುತ್ತಾನೆ. ಆರನೆಯ ತಿಂಗಳು ಆ ಇಬ್ಬರಲ್ಲಿ ಯಾರು ಮೊದಲು ಬಾಯಿ ತೆರೆದು ‘ನಿನಗೆ ಆಯಿತಾ?’ ಎಂದು ಕೇಳುತ್ತಾರೆ ಎಂಬುದನ್ನು ಬರೆಯಬಲ್ಲವರು ಕನ್ನಡದಲ್ಲಿ ಬೇಕಾದಷ್ಟು ಜನರಿದ್ದಾರೆ. ನಮ್ಮ ಊರುಗಳಿಂದ ಬೆಂಗಳೂರಿಗೆ, ಕೊಲ್ಲಿಗೆ, ಈಗ ವಿಮಾನ ತರಬೇತಿ ಶಾಲೆಗಳಿಗೂ ಮಕ್ಕಳನ್ನು ಕಳಿಸುತ್ತಿರುವ ನಾವು ಅದನ್ನು ಓದಬೇಕಾದವರು.